ದೊಡ್ಡ ಫೋಟೊ ಪ್ರಿಂಟರ್ ಕೈಕೊಟ್ಟಾಗ: ರಿಪೇರಿಯೋ, ಹೊಸದೋ?

24 ಅಂಗುಲ ಇಲ್ಲವೇ 44 ಅಂಗುಲ ಅಗಲದ ರೋಲಿನ ಮೇಲೆ ಫೋಟೊ ಮುದ್ರಿಸುವ ಇಂಕ್‌ಜೆಟ್ ಪ್ರಿಂಟರು ಒಂದೇ ಏಟಿಗೆ ಕೆಟ್ಟು ನಿಲ್ಲುವುದು ಅಪರೂಪ. ಮೊದಲು ಆಕಾಶದ ನೀಲಿಯಲ್ಲೋ ಮದುಮಗಳ ಕೆನ್ನೆಯ ಮೇಲೋ ಕೂದಲೆಳೆಯಷ್ಟು ಬಿಳಿ ಗೆರೆ ಕಾಣುತ್ತದೆ. ಹೆಡ್ ಕ್ಲೀನಿಂಗ್ ಕೊಟ್ಟರೆ ಹೋಗುತ್ತದೆ, ಎರಡು ದಿನಕ್ಕೆ ಮತ್ತೆ ಹಾಜರು. ಕ್ಲೀನಿಂಗ್ ಹೆಚ್ಚುತ್ತ ಹೋಗಿ, ಕಾಗದಕ್ಕಿಂತ ವೇಸ್ಟ್ ಟ್ಯಾಂಕಿಗೇ ಹೆಚ್ಚು ಇಂಕು ಇಳಿಯುವ ಹೊತ್ತಿಗೆ ಸರ್ವಿಸ್ ಎಂಜಿನಿಯರಿಗೆ ಫೋನು ಹೋಗುತ್ತದೆ. ಬಂದವರು ‘ಹೆಡ್ ಹೋಗಿದೆ’ ಎಂದು ಹೇಳಿ ಕೊಟೇಶನ್ ಕಳಿಸುತ್ತಾರೆ. ಆ ಮೊತ್ತ ನೋಡಿದ ಮೇಲೆ ರಿಪೇರಿಯೋ ಹೊಸದೋ ಎಂಬ ಚರ್ಚೆ ಶುರುವಾಗುತ್ತದೆ. ಆ ಚರ್ಚೆಗೆ ಮೊದಲೇ ಇತ್ಯರ್ಥವಾಗಬೇಕಾದದ್ದು ಒಂದಿದೆ: ಹೋಗಿರುವುದು ನಿಜಕ್ಕೂ ಹೆಡ್ಡೇ, ಅಥವಾ ಹೆಡ್ಡಿನ ಸುತ್ತ ಇರುವ ಅಗ್ಗದ ಭಾಗಗಳಲ್ಲೊಂದೇ?

ಸ್ಟುಡಿಯೊಗಳಲ್ಲಿ, ಫ್ರೇಮ್ ಹಾಕುವ ಅಂಗಡಿಗಳಲ್ಲಿ, ಚಿತ್ರಕಲಾವಿದರ ಕೃತಿಗಳಿಗೆ ಪ್ರತಿ ತೆಗೆಯುವ ಕಡೆಗಳಲ್ಲಿ ಕಾಣುವ ಯಂತ್ರಗಳು ಹೆಚ್ಚಾಗಿ ಎಪ್ಸನ್, ಕ್ಯಾನನ್, ಎಚ್‌ಪಿ ಕಂಪನಿಗಳವು. ಇವುಗಳಲ್ಲಿ ಓಡುವುದು ನೀರಿನ ಆಧಾರದ ಪಿಗ್ಮೆಂಟ್ ಇಂಕು. ಬ್ಯಾನರ್ ಹೊಡೆಯುವ ಫ್ಲೆಕ್ಸ್ ಯಂತ್ರದ ಜಾತಿಯೇ ಬೇರೆ. ಅದರದ್ದು ಸಾಲ್ವೆಂಟ್ ಇಂಕು. ಫ್ಲೆಕ್ಸ್ ಯಂತ್ರದಲ್ಲಿ ಕೈ ಪಳಗಿದವರು ಅದೇ ಧೈರ್ಯದಲ್ಲಿ ಫೋಟೊ ಪ್ರಿಂಟರಿನ ಹೆಡ್ಡನ್ನೂ ಸಾಲ್ವೆಂಟಿನಲ್ಲಿ ತೊಳೆದರೆ ಹೆಡ್ಡಿನ ಅಂಟು, ಕ್ಯಾಪಿನ ರಬ್ಬರು ಎರಡೂ ಕೆಡಬಹುದು. ರಿಪೇರಿಗೆ ಒಪ್ಪಿಸುವ ಮುನ್ನ ಯಾವ ಮಾಡೆಲ್ ಬಿಚ್ಚಿ ಅನುಭವವಿದೆ ಎಂದು ಕೇಳುವುದರಲ್ಲಿ ಸಂಕೋಚ ಬೇಕಿಲ್ಲ.

ಹೆಡ್ಡಿನ ವಿಷಯದಲ್ಲಿ ಈ ಕಂಪನಿಗಳ ದಾರಿ ಬೇರೆಬೇರೆ. ಎಪ್ಸನ್ನಿನದು ಪೀಜೊ ಹೆಡ್. ವಿದ್ಯುತ್ ಹಾಯಿಸಿದಾಗ ಬಾಗುವ ಹರಳು ಇಂಕಿನ ಹನಿಯನ್ನು ತಳ್ಳುತ್ತದೆ. ಬಿಸಿ ಮಾಡುವ ಗೊಡವೆ ಇಲ್ಲವಾದ್ದರಿಂದ ಅದು ವರ್ಷಗಟ್ಟಲೆ ಬಾಳಬಲ್ಲದು. ಯಂತ್ರದ ಆಯಸ್ಸಿಗೆ ಒಂದೇ ಎಂಬ ಲೆಕ್ಕದಲ್ಲಿ ಅದನ್ನು ಒಳಗೆ ಕೂರಿಸಿರುತ್ತಾರೆ. 2008ರಲ್ಲಿ ಬಂದ ಸ್ಟೈಲಸ್ ಪ್ರೊ 7900 ಮತ್ತು 9900 ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲನೆಯದು 24 ಅಂಗುಲದ್ದು, ಎರಡನೆಯದು 44 ಅಂಗುಲದ್ದು. ಎರಡರಲ್ಲೂ ಹನ್ನೊಂದು ಇಂಕು, ಹೆಡ್ಡಿನಲ್ಲಿ ಹತ್ತು ಸಾಲು, ಸಾಲಿಗೆ 360 ನೋಝಲ್. ಇಂಕು ಹನ್ನೊಂದಿದ್ದರೂ ಸಾಲು ಹತ್ತೇ ಆಗಲು ಕಾರಣ, ಗ್ಲಾಸಿ ಕಾಗದದ ಫೋಟೊ ಬ್ಲ್ಯಾಕೂ ಮ್ಯಾಟ್ ಕಾಗದದ ಮ್ಯಾಟ್ ಬ್ಲ್ಯಾಕೂ ಒಂದೇ ಸಾಲನ್ನು ಹಂಚಿಕೊಳ್ಳುವುದು. 2015ರ ಸ್ಯೂರ್‌ಕಲರ್ ಪಿ7000, ಪಿ9000 ಯಂತ್ರಗಳಲ್ಲೂ ಇದೇ ಏರ್ಪಾಡು.

ಕ್ಯಾನನ್ ಮತ್ತು ಎಚ್‌ಪಿಯವು ಥರ್ಮಲ್ ಹೆಡ್‌ಗಳು. ಇಂಕನ್ನು ಕ್ಷಣಮಾತ್ರ ಕಾಯಿಸಿ, ಏಳುವ ಗುಳ್ಳೆಯಿಂದ ಹನಿಯನ್ನು ಹೊರದೂಡುತ್ತವೆ. ಹೀಗೆ ಕಾಯುತ್ತ ಆರುತ್ತ ಸವೆಯುವುದು ಸಹಜ ಎಂದು ಒಪ್ಪಿಕೊಂಡೇ ಬಳಕೆದಾರರು ತಾವೇ ತೆಗೆದು ಹಾಕುವಂತೆ ಅವನ್ನು ಮಾಡಿದ್ದಾರೆ. ಕ್ಯಾನನ್ 2016ರಲ್ಲಿ ತಂದ ಪ್ರೊ-2000, ಪ್ರೊ-4000 ಯಂತ್ರಗಳ ಪಿಎಫ್-10 ಹೆಡ್ಡಿನಲ್ಲಿ ಹನ್ನೆರಡು ಬಣ್ಣಕ್ಕೆ ತಲಾ 1,536ರಂತೆ 18,432 ನೋಝಲ್‌ಗಳಿವೆ. ಕೆಲವು ಮುಚ್ಚಿಕೊಂಡರೆ ಅವುಗಳ ಕೆಲಸವನ್ನು ಉಳಿದವು ವಹಿಸಿಕೊಳ್ಳುತ್ತವೆ. ಎಚ್‌ಪಿಯ 2006ರ ಡಿಸೈನ್‌ಜೆಟ್ ಝೆಡ್3100ರಲ್ಲಿ ಎರಡೆರಡು ಬಣ್ಣದ ಆರು ಹೆಡ್‌ಗಳು. ಕೆಟ್ಟದ್ದನ್ನಷ್ಟೇ ಬದಲಿಸಿದರೆ ಸಾಕು. ಹಾಗಾಗಿ ಈ ಎರಡು ಕಂಪನಿಗಳ ಯಂತ್ರ ಇಟ್ಟವರಿಗೆ ಹೆಡ್ ಎಂದರೆ ಕಾರ್ಟ್ರಿಜ್ ಸಾಲಿಗೇ ಸೇರಿದ ಖರ್ಚು, ಮೊತ್ತ ದೊಡ್ಡದು ಅಷ್ಟೆ. ತಲೆನೋವು ಇರುವುದು ಎಪ್ಸನ್ ಇಟ್ಟವರಿಗೆ, ಮುಂದಿನ ಮಾತು ಹೆಚ್ಚಾಗಿ ಅವರಿಗೇ ಸಂಬಂಧಿಸಿದ್ದು.

ನೋಝಲ್ ಚೆಕ್ ಹೇಳುವುದೇನು

ನೋಝಲ್ ಚೆಕ್ ಎಂದರೆ ತರಗತಿಯ ಹಾಜರಿ ಪುಸ್ತಕದ ಹಾಗೆ: ಪ್ರತಿ ನೋಝಲ್ ಒಂದು ಚಿಕ್ಕ ಗೆರೆ ಎಳೆದು ತಾನಿದ್ದೇನೆ ಎನ್ನಬೇಕು. ಗೆರೆ ಇಲ್ಲದ ಕಡೆ ನೋಝಲ್ ಗೈರುಹಾಜರಿ. ಒಂದೇ ಒಂದು ಚೆಕ್ ನೋಡಿ ತೀರ್ಮಾನಕ್ಕೆ ಬರುವುದು ಸಾಮಾನ್ಯ ತಪ್ಪು. ಕನಿಷ್ಠ ನಾಲ್ಕು ಬೇಕು. ಕ್ಲೀನಿಂಗ್ ಕೊಡದೆ ಬೆನ್ನುಬೆನ್ನಿಗೆ ಎರಡು, ಸಾದಾ ಕ್ಲೀನಿಂಗ್ ಒಂದು ಕೊಟ್ಟು ಮೂರನೆಯದು, ಇಡೀ ರಾತ್ರಿ ಬಿಟ್ಟು ಮಾರನೆಯ ಬೆಳಿಗ್ಗೆ ಬೇರೇನೂ ಮಾಡುವ ಮೊದಲು ನಾಲ್ಕನೆಯದು. ಒಂದೊಂದರ ಮೇಲೂ ದಿನ, ಹೊತ್ತು ಬರೆದು ಮೇಜಿನ ಮೇಲೆ ಸಾಲಾಗಿ ಹರಡಿ ನೋಡಬೇಕು. ಹಳದಿಯ ಗೆರೆಗಳು ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ನೀಲಿ ಜಿಲೇಟಿನ್ ಕಾಗದದ ಮೂಲಕ ನೋಡಿದರೆ ಅವು ಕಪ್ಪಾಗಿ ಎದ್ದು ಕಾಣುತ್ತವೆ. ಹಳದಿ ಸರಿಯಿದೆ ಎಂದುಕೊಂಡು ಚರ್ಮದ ಬಣ್ಣ ಏಕೆ ನೇರಳೆಗೆ ತಿರುಗುತ್ತಿದೆ ಎಂದು ಪ್ರೊಫೈಲ್ ಬದಲಿಸುತ್ತ ಕೂತವರಿಗೆ ಈ ಎರಡು ರೂಪಾಯಿಯ ಉಪಾಯ ದೊಡ್ಡ ಉಪಕಾರ.

ನಾಲ್ಕು ಚೆಕ್‌ಗಳಲ್ಲೂ ಖಾಲಿ ಬಿಟ್ಟ ಜಾಗ ಒಂದೇ ಆಗಿದ್ದರೆ ಆ ನೋಝಲ್‌ಗಳಲ್ಲಿ ಇಂಕು ಒಣಗಿ ಕಟ್ಟಿಕೊಂಡಿದೆ, ಇಲ್ಲವೇ ಅವುಗಳ ಪೀಜೊ ಹರಳು ಸತ್ತಿದೆ. ಕಟ್ಟಿಕೊಂಡದ್ದಾದರೆ ನೆನೆಸಿದ ಮೇಲೆ ಒಂದಿಷ್ಟಾದರೂ ಸುಧಾರಣೆ ಕಾಣುತ್ತದೆ. ಸತ್ತದ್ದು ಏನು ಮಾಡಿದರೂ ಕದಲುವುದಿಲ್ಲ. ಖಾಲಿ ಜಾಗ ಪ್ರತಿ ಸಲವೂ ಸ್ಥಳ ಬದಲಿಸುತ್ತಿದ್ದರೆ ಹೆಡ್ಡಿನ ಮೇಲೆ ಅನುಮಾನ ಬೇಡ. ಅದು ಗಾಳಿಯ ಕೆಲಸ. ಇಂಕು ಹೆಡ್ಡಿಗೆ ಇಳಿಯುವ ಮುನ್ನ ಹಾಯುವ ಡ್ಯಾಂಪರಿನಲ್ಲೋ ಟ್ಯೂಬಿನ ಜೋಡಣೆಯಲ್ಲೋ ಸಣ್ಣ ಸೀಳಿದ್ದು, ಗುಳ್ಳೆಗಳು ಇಂಕಿನ ಜೊತೆ ಸೇರಿ ಬರುತ್ತಿವೆ. ಕ್ಲೀನಿಂಗ್ ಆದ ಕೂಡಲೇ ಚೆಕ್ ಚೊಕ್ಕಟವಾಗಿ ಬಂದು ಬೆಳಿಗ್ಗೆ ಕೆಟ್ಟಿದ್ದರೆ ಕ್ಯಾಪಿಂಗ್ ಸ್ಟೇಷನ್ ಕಡೆ ನೋಡಬೇಕು. ರಬ್ಬರಿನ ಅಂಚು ಹೆಡ್ಡಿಗೆ ಗಟ್ಟಿಯಾಗಿ ಕೂರದೆ ರಾತ್ರಿಯಿಡೀ ಇಂಕು ಒಣಗುತ್ತಿದೆ ಅಥವಾ ಕೆಳಕ್ಕೆ ಜಾರುತ್ತಿದೆ. ಇನ್ನು ಕೆಲವು ಯಂತ್ರಗಳಲ್ಲಿ ಚೆಕ್ ಪೂರ್ಣವಾಗಿರುತ್ತದೆ, ಆದರೆ ರೋಲಿನ ಅಗಲಕ್ಕೆ ಒಂದೇ ಬಣ್ಣ ಗಾಢವಾಗಿ ತುಂಬುವ ಪಟ್ಟಿಯನ್ನು ಅಡಿಯುದ್ದ ಮುದ್ರಿಸಿದರೆ ಅರ್ಧದಲ್ಲೇ ಬಣ್ಣ ತೆಳುವಾಗುತ್ತದೆ. ಹೆಡ್ ಕೇಳಿದಷ್ಟು ಇಂಕು ಅದಕ್ಕೆ ತಲುಪುತ್ತಿಲ್ಲ ಎಂದರ್ಥ. ಡ್ಯಾಂಪರಿನ ಜಾಲರಿ ಕಟ್ಟಿದೆ, ಟ್ಯೂಬ್ ಮಡಚಿದೆ, ಅಥವಾ ಕಾರ್ಟ್ರಿಜ್ ಮೇಲೆ ಒತ್ತಡ ಹಾಕುವ ಗಾಳಿ ಪಂಪು ಸೋರುತ್ತಿದೆ.

ಒಂದು ಬಣ್ಣದ ಸಾಲು ಪೂರ್ತಿ ಮಾಯವಾಗುವುದಕ್ಕೂ ಎಲ್ಲ ಬಣ್ಣ ಒಟ್ಟಿಗೆ ಮಾಯವಾಗುವುದಕ್ಕೂ ವ್ಯತ್ಯಾಸವಿದೆ. ಒಂದೇ ಹೋದರೆ ಆ ಬಣ್ಣದ ಡ್ಯಾಂಪರ್ ಅಥವಾ ಕವಾಟ. ಕಪ್ಪು ಮಾತ್ರ ಹೋದರೆ, ಎರಡು ಕಪ್ಪುಗಳ ನಡುವೆ ದಾರಿ ಬದಲಿಸುವ ಸೆಲೆಕ್ಟರನ್ನು ಮೊದಲು ಪರೀಕ್ಷಿಸಬೇಕು. ಎಲ್ಲವೂ ಒಟ್ಟಿಗೆ ಹೋದರೆ ಪಂಪು ಎಳೆಯುತ್ತಿಲ್ಲ, ಇಲ್ಲವೇ ಹೆಡ್ಡಿಗೆ ವಿದ್ಯುತ್ತೇ ತಲುಪುತ್ತಿಲ್ಲ.

ಹೆಡ್ಡಿನ ಸುತ್ತಮುತ್ತ

ಪಂಪಿನ ಪರೀಕ್ಷೆ ಸುಲಭ. ಹೆಡ್ ಬದಿಗೆ ಸರಿದಾಗ ಕ್ಯಾಪಿನ ಬಟ್ಟಲಿಗೆ ಡಿಸ್ಟಿಲ್ಡ್ ವಾಟರ್ ಹನಿಹನಿಯಾಗಿ ತುಂಬಿ, ಒಂದು ಕ್ಲೀನಿಂಗ್ ಓಡಿಸಬೇಕು. ಮುಗಿದ ಮೇಲೆ ಬಟ್ಟಲು ಬರಿದಾಗಿದ್ದರೆ ಪಂಪು ಸರಿಯಿದೆ. ನೀರು ಹಾಗೇ ನಿಂತಿದ್ದರೆ ಅಡಿಯ ಟ್ಯೂಬು ಕಟ್ಟಿದೆ ಅಥವಾ ಪಂಪು ಸವೆದಿದೆ. ಅಂಥ ಯಂತ್ರಕ್ಕೆ ಎಷ್ಟು ಕ್ಲೀನಿಂಗ್ ಕೊಟ್ಟರೂ ದಂಡ. ಕ್ಯಾಪಿನ ಅಂಚಿನಲ್ಲಿ ಅಂಟಿದ ಇಂಕಿನ ಹಕ್ಕಳೆಯನ್ನು ಒದ್ದೆ ಫೋಮ್ ಕಡ್ಡಿಯಿಂದ ತೆಗೆದರೆ ಎಷ್ಟೋ ಯಂತ್ರಗಳು ಮತ್ತೆ ನೆಟ್ಟಗಾಗುತ್ತವೆ. ಹತ್ತಿ ಸುತ್ತಿದ ಕಡ್ಡಿ ಬೇಡ, ಅದರ ನೂಲು ಅಲ್ಲೇ ಉಳಿಯುತ್ತದೆ. ವೈಪರ್ ಬ್ಲೇಡಿಗೆ ಒಂದು ಕೂದಲು ಅಂಟಿದ್ದರೂ ಸಾಕು, ಒಂದು ಬಣ್ಣದ ಇಂಕನ್ನು ಪಕ್ಕದ ಸಾಲಿಗೆ ಸವರಿಕೊಂಡು ಹೋಗುತ್ತದೆ. ಕ್ಯಾಪ್, ವೈಪರ್, ಡ್ಯಾಂಪರ್ ಇವೆಲ್ಲ ಕೂಡಿದರೂ ಹೆಡ್ಡಿನ ಬೆಲೆಯ ಸಣ್ಣ ಪಾಲು. ಇವನ್ನು ಬದಲಿಸದೆ ಹೊಸ ಹೆಡ್ ಹಾಕಿದರೆ, ಹಳೆಯದನ್ನು ಕೊಂದ ಕಾರಣವೇ ಹೊಸದನ್ನೂ ಕೊಲ್ಲುತ್ತದೆ.

ಕ್ಲೀನಿಂಗಿನಲ್ಲೂ ಮಿತಿ ಬೇಕು. 7900, 9900 ಯಂತ್ರಗಳಲ್ಲಿ ಎರಡೆರಡು ಬಣ್ಣಗಳ ಜೋಡಿಯನ್ನಷ್ಟೇ ಆರಿಸಿ ಕ್ಲೀನಿಂಗ್ ಕೊಡುವ ಅವಕಾಶವಿದೆ. ಒಂದು ಬಣ್ಣದ ಸಲುವಾಗಿ ಹನ್ನೊಂದನ್ನೂ ಚೆಲ್ಲುವ ಅಗತ್ಯವಿಲ್ಲ. ಎರಡು ಮೂರು ಸಾದಾ ಕ್ಲೀನಿಂಗಿಗೆ ಬಗ್ಗದ ಅಡಚಣೆ ಹತ್ತನೆಯದಕ್ಕೂ ಬಗ್ಗುವುದಿಲ್ಲ. ಆಗ ಮಾಡಬೇಕಾದದ್ದು ನೆನೆಸುವುದು. ಎಳೆ ಬಿಡದ ಬಟ್ಟೆಯನ್ನು ಮಡಚಿ, ಪಿಗ್ಮೆಂಟ್ ಇಂಕಿಗೆಂದೇ ಸಿಗುವ ಕ್ಲೀನಿಂಗ್ ದ್ರಾವಣದಲ್ಲಿ ಅದ್ದಿ, ಹೆಡ್ ಅದರ ಮೇಲೆ ಹಗುರಾಗಿ ಕೂರುವಂತೆ ಮಾಡಿ ಕೆಲವು ಗಂಟೆ ಬಿಡುವುದು. ಬಟ್ಟೆಯನ್ನು ಹಾಗೇ ಬಿಟ್ಟು ಪ್ರಿಂಟ್ ಕಮಾಂಡ್ ಕೊಟ್ಟರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಯಂತ್ರದ ಮೇಲೊಂದು ಚೀಟಿ ಅಂಟಿಸಿಡುವುದು ಲೇಸು. ಸಿರಿಂಜಿನಿಂದ ದ್ರಾವಣವನ್ನು ಒತ್ತಿ ಹೆಡ್ಡಿನೊಳಗೆ ನುಗ್ಗಿಸುವುದು ಮಾತ್ರ ಅಪಾಯದ ಕೆಲಸ. ಹೆಡ್ಡಿನ ಒಳಗಿನ ತೆಳು ಪದರಗಳು ಒತ್ತಡಕ್ಕೆ ಬಿಟ್ಟುಕೊಂಡರೆ ಪಕ್ಕಪಕ್ಕದ ಬಣ್ಣಗಳು ಒಳಗೇ ಬೆರೆಯುತ್ತವೆ, ಅದಕ್ಕೆ ಮದ್ದಿಲ್ಲ. ಸಿರಿಂಜ್ ಹಿಡಿದು ಬರುವ ಮೆಕ್ಯಾನಿಕ್ ‘ಗ್ಯಾರಂಟಿ ಇಲ್ಲ’ ಎಂದು ಮೊದಲೇ ಹೇಳುವುದು ಸುಮ್ಮನೆ ಅಲ್ಲ.

ಹೆಡ್ಡಿಗೆ ವಿದ್ಯುತ್ ತಲುಪದ ಪ್ರಕರಣ ಇನ್ನೂ ಸೂಕ್ಷ್ಮ. ಡ್ಯಾಂಪರಿನಿಂದ ಸೋರಿದ ಇಂಕು ಹೆಡ್ಡಿನ ಪಟ್ಟಿ ಕೇಬಲ್ ಮೇಲೆ ಬಿದ್ದರೆ ಶಾರ್ಟ್ ಆಗಿ ಹೆಡ್ಡೂ ಸುಡಬಹುದು, ಮೇನ್ ಬೋರ್ಡಿನ ಫ್ಯೂಸೂ ಹೋಗಬಹುದು. ಸುಟ್ಟ ಹೆಡ್ಡು ಹೊಸ ಬೋರ್ಡನ್ನು, ಸುಟ್ಟ ಬೋರ್ಡು ಹೊಸ ಹೆಡ್ಡನ್ನು ತಿನ್ನುವುದುಂಟು. ಆದ್ದರಿಂದ ಇಂಥಲ್ಲಿ ಎರಡನ್ನೂ ಕೇಬಲ್ ಸಮೇತ ಪರೀಕ್ಷಿಸಿದ್ದಕ್ಕೆ ಬರಹದ ವರದಿ ಇಲ್ಲದೆ ಹೆಡ್ಡಿಗೆ ಹಣ ಕಟ್ಟಬಾರದು. ಎಪ್ಸನ್ ಹೆಡ್ ಬದಲಿಸಿದ ಮೇಲೆ ಅದರ ಮೇಲಿನ ಐಡಿ ಸಂಖ್ಯೆಯನ್ನು ಸರ್ವಿಸ್ ಸಾಫ್ಟ್‌ವೇರ್ ಮೂಲಕ ಯಂತ್ರಕ್ಕೆ ಉಣಿಸಬೇಕು, ನಂತರ ಅಲೈನ್‌ಮೆಂಟ್ ಮಾಡಬೇಕು. ಈ ಸಾಫ್ಟ್‌ವೇರ್ ಇಲ್ಲದವರು ಹೆಡ್ ಹಾಕಬಲ್ಲರೇ ಹೊರತು ಸರಿಯಾದ ಬಣ್ಣ ತರಿಸಲಾರರು.

ಹೆಡ್ಡಿಗೆ ಸಂಬಂಧವೇ ಇಲ್ಲದ ದೂರುಗಳೂ ಹೆಡ್ಡಿನ ತಲೆಗೇ ಕಟ್ಟಲ್ಪಡುತ್ತವೆ. ನೋಝಲ್ ಚೆಕ್ ಪೂರ್ಣವಾಗಿದ್ದು, ಫೋಟೊದಲ್ಲಿ ಸಮಾನ ಅಂತರದಲ್ಲಿ ಅಡ್ಡಗೆರೆ ಬೀಳುತ್ತಿದ್ದರೆ ಅದು ಪೇಪರ್ ಫೀಡಿನ ದೋಷ. ಗೆರೆ ಬಿಳಿಯಾಗಿದ್ದರೆ ಕಾಗದ ಅಗತ್ಯಕ್ಕಿಂತ ಹೆಚ್ಚು ಸರಿಯುತ್ತಿದೆ, ಕಪ್ಪಾಗಿದ್ದರೆ ಕಡಿಮೆ, ಮೆನುವಿನಲ್ಲೇ ತಿದ್ದಬಹುದು. ಅಂಚುಗಳು ಎರಡೆರಡಾಗಿ ಕಂಡರೆ, ಕ್ಯಾರೇಜ್ ಬದಿಗೆ ಹೋಗಿ ಡಿಕ್ಕಿ ಹೊಡೆದರೆ, ಅದರ ಹಿಂದೆ ಉದ್ದಕ್ಕೂ ಎಳೆದಿರುವ ಪಾರದರ್ಶಕ ಎನ್‌ಕೋಡರ್ ಸ್ಟ್ರಿಪ್ಪಿನ ಮೇಲೆ ಇಂಕಿನ ಮಂಜು ಕೂತಿದೆ. ಡಿಸ್ಟಿಲ್ಡ್ ವಾಟರಿನಲ್ಲಿ ತುಸು ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಥಿನ್ನರ್, ಅಸಿಟೋನ್ ಮುಟ್ಟಿಸಿದರೆ ಪಟ್ಟಿಯ ಮೇಲಿನ ಸೂಕ್ಷ್ಮ ಗೆರೆಗಳೇ ಅಳಿಸಿಹೋಗಿ, ಪುಕ್ಕಟೆ ಆಗಬೇಕಿದ್ದ ಕೆಲಸಕ್ಕೆ ಬಿಲ್ಲು ಬರುತ್ತದೆ.

ಹವೆಯ ಪಾತ್ರವೂ ಇದೆ. ಈ ಯಂತ್ರಗಳಿಗೆ ಹಿತವಾದ ತೇವಾಂಶ ಸುಮಾರು ಶೇ 40ರಿಂದ 60. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಕಾಗದ ತೇವ ಹೀರಿ ಅಲೆಅಲೆಯಾಗಿ ಏಳುತ್ತದೆ. ಎದ್ದ ಅಂಚಿಗೆ ಹೆಡ್ ಉಜ್ಜಿ ಕಲೆ ಬೀಳುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಇಂಕು ಕ್ಯಾಪಿನಲ್ಲೇ ಒಣಗುತ್ತದೆ, ಮೇಲೆ ಫ್ಯಾನು ತಿರುಗುತ್ತಿದ್ದರೆ ಇನ್ನೂ ಬೇಗ. ಕರೆಂಟು ಹೋಗುವುದು ಎರಡೂ ಕಡೆಯ ಪಾಡು. ಮುದ್ರಣದ ನಡುವೆ ಕರೆಂಟು ಹೋದರೆ ಹೆಡ್ಡು ಕ್ಯಾಪಿಗೆ ಮರಳದೆ ನಡುದಾರಿಯಲ್ಲಿ ತೆರೆದೇ ನಿಲ್ಲುತ್ತದೆ. ಕಂಪ್ಯೂಟರಿಗೆ ಯುಪಿಎಸ್ ಕೊಟ್ಟು ಪ್ರಿಂಟರನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ರೂಢಿ ಎಲ್ಲೆಡೆ ಇದೆ. ಬೆಲೆಬಾಳುವುದು ಯಾವುದು ಎಂದು ಯೋಚಿಸಿದರೆ ವ್ಯವಸ್ಥೆ ತಿರುಗಬೇಕು. ಅಂಗಡಿ ಮುಚ್ಚುವಾಗಲೂ ಗೋಡೆಯ ಸ್ವಿಚ್ಚು ಆರಿಸದೆ ಯಂತ್ರದ ಗುಂಡಿಯಿಂದಲೇ ಆಫ್ ಮಾಡಿದರೆ ಹೆಡ್ ಸರಿಯಾಗಿ ಕ್ಯಾಪಿನ ಮೇಲೆ ಕೂರುತ್ತದೆ.

ಲೆಕ್ಕ

ದೋಷ ಯಾವುದೆಂದು ಖಚಿತವಾದ ಮೇಲೆ ಲೆಕ್ಕ ಹಾಕುವುದು ಚದರ ಅಡಿಯಲ್ಲಿ. ರಿಪೇರಿಯ ಒಟ್ಟು ಖರ್ಚಿಗೆ ಭಾಗ, ಕೂಲಿ, ಓಡಾಟ ಸೇರುವುದು ಎಲ್ಲರಿಗೂ ಗೊತ್ತು. ಹೆಡ್ ಬದಲಿಸಿದಾಗ ದಾರಿ ತುಂಬಲು ಬೇಕಾಗುವ ಇಂಕು, ತುಂಬಿಹೋಗುವ ಮೇಂಟೆನೆನ್ಸ್ ಟ್ಯಾಂಕ್, ಅಷ್ಟು ದಿನ ಹೊರಗೆ ಮಾಡಿಸಿದ ಕೆಲಸದ ಹಣ ಇವನ್ನು ಸೇರಿಸುವವರು ಕಡಿಮೆ. ಲೆಕ್ಕಕ್ಕೆಂದು ಒಂದು ಕಲ್ಪಿತ ಉದಾಹರಣೆ: ರಿಪೇರಿಗೆ 1,20,000 ರೂಪಾಯಿ, ಆಮೇಲೆ ಎರಡು ವರ್ಷ ಓಡುವ ನಿರೀಕ್ಷೆ, ಹೊಸ ಯಂತ್ರಕ್ಕೆ 4,00,000 ರೂಪಾಯಿ, ಐದು ವರ್ಷದ ನಿರೀಕ್ಷೆ. ತಿಂಗಳಿಗೆ 300 ಚದರ ಅಡಿ ಮುದ್ರಿಸುವ ಸ್ಟುಡಿಯೊಗೆ ರಿಪೇರಿಯ ಭಾರ ಅಡಿಗೆ ಸುಮಾರು 17 ರೂಪಾಯಿ, ಹೊಸದರ ಭಾರ 22 ರೂಪಾಯಿ. ವ್ಯತ್ಯಾಸ ಸಣ್ಣದು, ಹಳೆಯ ಯಂತ್ರ ಮದುವೆ ಸೀಸನ್ನಿನ ನಡುವೆ ಮತ್ತೊಮ್ಮೆ ಕೈಕೊಟ್ಟರೆ ಆ ಐದು ರೂಪಾಯಿಯ ಉಳಿತಾಯ ಒಂದೇ ದಿನದಲ್ಲಿ ಕರಗಬಹುದು. ಅದೇ ತಿಂಗಳಿಗೆ 50 ಅಡಿ ಮಾತ್ರ ಮುದ್ರಿಸುವವರಿಗೆ ರಿಪೇರಿ ಅಡಿಗೆ 100, ಹೊಸದು 133 ರೂಪಾಯಿ, ಇಂಕು ಮತ್ತು ಕಾಗದ ಬಿಟ್ಟು. ಇಂಥವರು ಎರಡನ್ನೂ ಬಿಟ್ಟು ಲ್ಯಾಬಿಗೆ ಫೈಲ್ ಕಳಿಸುವುದೇ ಜಾಣತನ. ಕಡಿಮೆ ಓಡುವ ಯಂತ್ರದಲ್ಲಿ ಇಂಕು ಒಣಗುವುದೂ ಹೆಚ್ಚು, ಹಾಗಾಗಿ ಕಾಗದದ ಮೇಲಿನ ಈ ಲೆಕ್ಕಕ್ಕಿಂತ ನಿಜವಾದ ಖರ್ಚು ಜಾಸ್ತಿಯೇ ಇರುತ್ತದೆ. ಹೊಸ ಯಂತ್ರ ತಂದರೂ ಅದು ಸಾಯುವುದು ಅದೇ ರೋಗದಿಂದ.

ಕಂಪನಿ ಉತ್ಪಾದನೆ ನಿಲ್ಲಿಸಿದ ಮಾಡೆಲ್‌ಗಳ ಬಿಡಿಭಾಗ ಕೆಲವು ವರ್ಷ ಸಿಕ್ಕು ಆಮೇಲೆ ವಿರಳವಾಗುತ್ತದೆ. 2008ರ ಯಂತ್ರಕ್ಕೆ ಇವತ್ತು ಹೆಡ್ ಹುಡುಕುವುದೆಂದರೆ ಹಳೆಯ ದಾಸ್ತಾನಿನದ್ದೋ ಬೇರೊಂದು ಯಂತ್ರದಿಂದ ಕಳಚಿದ್ದೋ ಸಿಗುವ ಸಂಭವವೇ ಹೆಚ್ಚು. ಅಂಥ ಹೆಡ್ಡಿಗೆ ದೊಡ್ಡ ಹಣ ಹಾಕುವುದು ಜೂಜು. ಕ್ಯಾಪ್, ಡ್ಯಾಂಪರುಗಳಲ್ಲಿ ಗುಣವಾಗುವ ಕಾಯಿಲೆಯಾದರೆ ಮಾತ್ರ ಹಳೆಯದರ ಮೇಲೆ ಇನ್ನೊಂದು ಸುತ್ತು ಖರ್ಚು ಮಾಡಬಹುದು. ಎಎಂಸಿ ಇದೆ ಎಂದು ನೆಮ್ಮದಿಯಿಂದ ಇರುವವರು ಒಪ್ಪಂದದ ಸಣ್ಣ ಅಕ್ಷರ ಓದಬೇಕು. ಹೆಡ್ಡನ್ನು ಹೊರಗಿಟ್ಟ ಎಎಂಸಿಗಳು ಸಾಕಷ್ಟಿವೆ.

ಹೊಸದು ಕೊಳ್ಳುವಾಗ

ಹೊಸ ಯಂತ್ರದ ಜೊತೆ ಬರುವ ಸ್ಟಾರ್ಟರ್ ಕಾರ್ಟ್ರಿಜ್‌ಗಳನ್ನು ನಂಬಿ ಲೆಕ್ಕ ಹಾಕಬಾರದು. ಅವುಗಳಲ್ಲಿ ಗಣನೀಯ ಪಾಲು ಟ್ಯೂಬುಗಳನ್ನು ತುಂಬಲಿಕ್ಕೇ ಮುಗಿಯುತ್ತದೆ. ಹಳೆಯ ಯಂತ್ರಕ್ಕೆಂದು ತಂದಿಟ್ಟ ಕಾರ್ಟ್ರಿಜ್ ಹೊಸ ಮಾಡೆಲಿಗೆ ಹೊಂದುವುದಿಲ್ಲ. ಒಂದೊಂದು 700 ಮಿಲಿಲೀಟರಿನ ಹನ್ನೊಂದು ಕಾರ್ಟ್ರಿಜ್‌ಗಳ ಸೆಟ್ಟು ಕಪಾಟಿನಲ್ಲಿದ್ದರೆ ಅದೇ ಒಂದು ಬಂಡವಾಳ. ಅದನ್ನು ಮುಗಿಸುವವರೆಗೆ ಹಳೆಯದನ್ನು ತಳ್ಳುವುದೋ ಮಾರುವುದೋ ಎಂದು ಮೊದಲೇ ತೀರ್ಮಾನಿಸಬೇಕು. ಪ್ರತಿ ಕಾಗದಕ್ಕೂ ಐಸಿಸಿ ಪ್ರೊಫೈಲ್ ಹೊಸದಾಗಿ ಬೇಕಾಗುತ್ತದೆ. ಆರ್‌ಐಪಿ ಸಾಫ್ಟ್‌ವೇರ್ ಬಳಸುವವರು ತಮ್ಮ ಲೈಸೆನ್ಸ್ ಹೊಸ ಯಂತ್ರಕ್ಕೂ ಸಲ್ಲುತ್ತದೆಯೇ ಎಂದು ಬರಹದಲ್ಲಿ ಕೇಳಿ ತಿಳಿಯಬೇಕು. ಗ್ಲಾಸಿ, ಮ್ಯಾಟ್ ಎರಡನ್ನೂ ದಿನವೂ ಬದಲಿಸುವ ಕೆಲಸವಿದ್ದರೆ ಎರಡು ಕಪ್ಪಿಗೂ ಪ್ರತ್ಯೇಕ ಸಾಲಿರುವ ಯಂತ್ರ ನೋಡುವುದು ಒಳ್ಳೆಯದು; ಕ್ಯಾನನ್ ಪ್ರೊ ಸಾಲಿನವು, ಎಪ್ಸನ್ನಿನ 2020ರ ಪಿ7570, ಪಿ9570 ಅಂಥವು. ಕಪ್ಪು ಬದಲಿಸುವಾಗಲೆಲ್ಲ ಚೆಲ್ಲುವ ಕೆಲವು ಮಿಲಿಲೀಟರ್ ಇಂಕು ವರ್ಷದ ಕೊನೆಗೆ ಒಂದು ಕಾರ್ಟ್ರಿಜ್ಜಿಗೆ ಸಮ ಬಂದರೂ ಆಶ್ಚರ್ಯವಿಲ್ಲ. ಬಾಗಿಲಿನ ಅಗಲ, ಮೆಟ್ಟಿಲಿನ ತಿರುವು ಅಳೆಯದೆ 44 ಅಂಗುಲದ ಯಂತ್ರಕ್ಕೆ ಮುಂಗಡ ಕೊಟ್ಟವರು ಅದನ್ನು ಕೆಳಮಹಡಿಯಲ್ಲೇ ಇಟ್ಟುಕೊಂಡ ಪ್ರಸಂಗಗಳಿವೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮಾರುವವರು ತೋರಿಸುವ ಸುಂದರ ಪ್ರಿಂಟ್ ಪುರಾವೆಯಲ್ಲ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ, ಕ್ಲೀನಿಂಗ್ ಇಲ್ಲದೆ ನೋಝಲ್ ಚೆಕ್ ತೆಗೆಸಬೇಕು. ಆಮೇಲೆ ಪ್ರತಿ ಬಣ್ಣದ ಗಾಢ ಪಟ್ಟಿ, ಮತ್ತೊಂದು ಚೆಕ್. ಯಂತ್ರದ ಸ್ಟೇಟಸ್ ಶೀಟ್ ಮುದ್ರಿಸಿದರೆ ಈವರೆಗಿನ ಓಟ ಮತ್ತು ಸವೆಯುವ ಭಾಗಗಳಲ್ಲಿ ಉಳಿದಿರುವ ಆಯಸ್ಸು ಕಾಣುತ್ತದೆ. ‘ವರ್ಷದಿಂದ ಮುಟ್ಟೇ ಇಲ್ಲ, ಹೊಸದರ ಹಾಗಿದೆ’ ಎಂಬ ಮಾತು ಕಾರಿಗೆ ಸಲ್ಲಬಹುದು. ಪಿಗ್ಮೆಂಟ್ ಪ್ರಿಂಟರಿನಲ್ಲಿ ಅದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಒಪ್ಪಂದವಾದ ಮೇಲೆ ಸಾಗಿಸುವಾಗ ಮೆನುವಿನಲ್ಲಿ ಸಾಗಣೆಯ ಸಿದ್ಧತೆ ಮಾಡಿಸಿ, ಕ್ಯಾರೇಜನ್ನು ಲಾಕ್ ಮಾಡಿ, ಯಂತ್ರವನ್ನು ಅಡ್ಡ ಮಲಗಿಸದೆ ಮಟ್ಟವಾಗಿಯೇ ಒಯ್ಯಬೇಕು. ಓರೆಯಾದರೆ ವೇಸ್ಟ್ ಇಂಕು ಬೋರ್ಡಿನ ಮೇಲೆ ಹರಿಯುತ್ತದೆ.

ಹಳೆಯ ಯಂತ್ರವನ್ನು ಗುಜರಿಗೆ ತೂಕಕ್ಕೆ ಹಾಕುವ ಮೊದಲು ರೋಲ್ ಹಿಡಿಯುವ ಸ್ಪಿಂಡಲ್, ಕಟರ್, ಪವರ್ ಬೋರ್ಡ್, ಅವಧಿ ಮುಗಿಯದ ಸೀಲ್ಡ್ ಕಾರ್ಟ್ರಿಜ್ ಇವನ್ನು ತೆಗೆದಿಟ್ಟರೆ ಅದೇ ಮಾಡೆಲ್ ಓಡಿಸುವ ಬೇರೆ ಸ್ಟುಡಿಯೊದವರು ಸಂತೋಷದಿಂದ ಕೊಳ್ಳುತ್ತಾರೆ. ಉಳಿದದ್ದು ಇ-ತ್ಯಾಜ್ಯ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರು ಮತ್ತು ಕಾರ್ಟ್ರಿಜ್ ಎರಡೂ ಇವೆ. ನೋಂದಾಯಿತ ಮರುಬಳಕೆ ಘಟಕಕ್ಕೆ ಕೊಟ್ಟು ರಸೀದಿ ಪಡೆಯಬೇಕು. ತುಂಬಿದ ಮೇಂಟೆನೆನ್ಸ್ ಟ್ಯಾಂಕನ್ನು ಚರಂಡಿಗೆ ಬರಿದು ಮಾಡದೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಅದರ ಜೊತೆಗೇ ಒಪ್ಪಿಸಬೇಕು.